ಮಂಡಿಯಾಯಿತು, ಇನ್ನು ಹೆಗಲಿನ ಕಡೆ ನೋಡಿ

ರಾಜ್ಯದ ಮೂಳೆ ಶಸ್ತ್ರಚಿಕಿತ್ಸಾ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ, ಫಿಸಿಯೋಥೆರಪಿ ಓದುತ್ತಿರುವವರಿಗೆ, ಬಯೋಮೆಡಿಕಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಕೊನೆಯ ವರ್ಷದವರಿಗೆ ಬಹಿರಂಗ ಪತ್ರ

ಪ್ರಿಯ ವಿದ್ಯಾರ್ಥಿಗಳೇ,

ಪ್ರಾಜೆಕ್ಟಿಗೋ ಪ್ರಬಂಧಕ್ಕೋ ವಿಷಯ ಹುಡುಕುವ ಹೊತ್ತಿನಲ್ಲಿ ಕೀಲು ಎಂದ ಕೂಡಲೇ ಎಲ್ಲರ ಮನಸ್ಸೂ ಮಂಡಿಯ ಕಡೆಗೆ ಓಡುತ್ತದೆ. ಅದು ಸಹಜವೇ. ಮಂಡಿ ಸವೆದವರು ಕುಂಟುತ್ತಾರೆ, ಮೆಟ್ಟಿಲ ಮುಂದೆ ನಿಂತುಬಿಡುತ್ತಾರೆ, ಮನೆಯವರ ಕಣ್ಣಿಗೆ ಬೀಳುತ್ತಾರೆ. ಹೆಗಲು ಸವೆದವರು ಹಾಗೆ ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಬಲಗೈ ಮೇಲಕ್ಕೆ ಹೋಗದಿದ್ದರೆ ಎಡಗೈಯಲ್ಲಿ ಡಬ್ಬಿ ಇಳಿಸುತ್ತಾರೆ. ತಲೆ ಬಾಚಲು ಕತ್ತನ್ನೇ ಕೈಯ ಹತ್ತಿರಕ್ಕೆ ಬಗ್ಗಿಸುತ್ತಾರೆ. ಅಂಗಿ ತೊಡುವಾಗ ನೋಯುವ ತೋಳನ್ನು ಮೊದಲು ತೂರಿಸುವುದನ್ನು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ಕೇಳಿದರೆ ‘ವಯಸ್ಸಾಯಿತಲ್ಲ, ವಾಯು ಇರಬೇಕು’ ಎಂದು ಮಾತು ಮುಗಿಸುತ್ತಾರೆ.

ಈ ಪತ್ರದ ಕೋರಿಕೆ ಒಂದೇ. ನಿಮ್ಮಲ್ಲಿ ಕೆಲವರಾದರೂ ಹೆಗಲನ್ನು ಕೈಗೆತ್ತಿಕೊಳ್ಳಿ. ಸವೆದ ಹೆಗಲು ಹೇಗೆ ಚಲಿಸುತ್ತದೆ, ಬದಲಿ ಕೀಲು ಹಾಕಿದ ಮೇಲೆ ಅದು ಎಷ್ಟು ಭಾರ ಹೊರುತ್ತದೆ ಎಂಬ ಲೆಕ್ಕ ಹೆಚ್ಚಾಗಿ ಯುರೋಪ್ ಮತ್ತು ಅಮೆರಿಕದ ಪ್ರಯೋಗಾಲಯಗಳಲ್ಲಿ ಹುಟ್ಟಿದ್ದು. ಅದೇ ಲೆಕ್ಕದ ಮೇಲೆ ತಯಾರಾದ ಕೀಲುಗಳು ಇಲ್ಲಿನ ಹೆಗಲುಗಳಿಗೂ ಬರುತ್ತಿವೆ. ಇಲ್ಲಿನ ಮೂಳೆಯ ಅಳತೆಯನ್ನೂ ಇಲ್ಲಿನ ದಿನಚರಿಯ ಭಾರವನ್ನೂ ಆ ಲೆಕ್ಕಕ್ಕೆ ಸೇರಿಸುವ ಕೆಲಸ ನಿಮ್ಮಿಂದ ಆಗಬೇಕು.

ಮೊದಲು ಈ ಕೀಲಿನ ಸ್ವಭಾವವನ್ನು ನೋಡೋಣ. ಸೊಂಟದಲ್ಲಿ ತೊಡೆಮೂಳೆಯ ತಲೆ ಆಳವಾದ ಕುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಹೆಗಲಿಗೆ ಆ ಭಾಗ್ಯವಿಲ್ಲ. ತೋಳುಮೂಳೆಯ ದುಂಡುತಲೆ ದೊಡ್ಡದು. ಅದು ಒರಗುವ ಗ್ಲೆನಾಯ್ಡ್ ಎಂಬ ಕುಳಿ ಚಿಕ್ಕದು, ಆಳವೂ ಕಡಿಮೆ. ತಲೆಯ ಮೂರನೇ ಒಂದು ಭಾಗವೋ ನಾಲ್ಕನೇ ಒಂದು ಭಾಗವೋ ಮಾತ್ರ ಒಂದು ಹೊತ್ತಿಗೆ ಕುಳಿಗೆ ತಾಗಿರುತ್ತದೆ. ಶಾಲೆಯ ಕ್ರೀಡಾಕೂಟದ ನಿಂಬೆ–ಚಮಚದ ಓಟವನ್ನು ನೆನೆಸಿಕೊಳ್ಳಿ. ಚಮಚ ಕಚ್ಚಿಕೊಂಡು ಓಡುವ ಹುಡುಗಿ ನಿಂಬೆ ವಾಲಿದ ಕಡೆಗೆ ಕತ್ತು ವಾಲಿಸುತ್ತಾ ಚಮಚವನ್ನು ಸದಾ ನಿಂಬೆಯ ಅಡಿಗೇ ಇಟ್ಟಿರುತ್ತಾಳೆ. ಹೆಗಲೆಲುಬು ಮಾಡುವುದೂ ಅದನ್ನೇ. ತೋಳು ಏಳುತ್ತಿದ್ದಂತೆ ಅದು ಪಕ್ಕೆಲುಬುಗಳ ಮೇಲೆ ಜಾರಿ, ತಿರುಗಿ, ಕುಳಿಯನ್ನು ತಲೆಯ ಬುಡಕ್ಕೆ ತಂದುಕೊಡುತ್ತದೆ.

ತೋಳು ಮತ್ತು ಹೆಗಲೆಲುಬು ಜೊತೆಜೊತೆಯಾಗಿ ಚಲಿಸುವ ಈ ಲಯವನ್ನು ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಹತ್ತು ವರ್ಷಗಳ ನಂತರ, 1944ರಲ್ಲಿ, ಕ್ಯಾಲಿಫೋರ್ನಿಯಾದ ಇನ್ಮನ್, ಸಾಂಡರ್ಸ್ ಮತ್ತು ಆಬಟ್ ಅದಕ್ಕೆ ಅಂಕಿ ಕೊಟ್ಟರು. ಸ್ಥೂಲವಾಗಿ ಎರಡಕ್ಕೆ ಒಂದು: ತೋಳು ಪೂರಾ 180 ಡಿಗ್ರಿ ಎದ್ದರೆ ಸುಮಾರು 120 ಡಿಗ್ರಿ ಹೆಗಲ ಕೀಲಿನದು, ಉಳಿದ 60 ಹೆಗಲೆಲುಬಿನದು. ಕೀಲು ಸವೆದವರಲ್ಲಿ ಈ ಪಾಲುಗಾರಿಕೆ ಏರುಪೇರಾಗುತ್ತದೆ. ಕೀಲು ಬಿಗಿದಷ್ಟೂ ಹೆಗಲೆಲುಬು ಹೆಚ್ಚು ದುಡಿಯುತ್ತದೆ. ರೋಗಿಯನ್ನು ಹಿಂದಿನಿಂದ ನೋಡಿ: ಕೈ ಎತ್ತು ಎಂದರೆ ಕೈಗಿಂತ ಮೊದಲು ಭುಜವೇ ಕಿವಿಯ ಕಡೆಗೆ ಏರುತ್ತದೆ. ಫಿಸಿಯೋಥೆರಪಿಯವರು ದಿನಾ ನೋಡುವ ದೃಶ್ಯ ಇದು.

ಕುಳಿ ಇಷ್ಟು ಚಪ್ಪಟೆಯಾಗಿದ್ದೂ ತಲೆ ಜಾರದಿರುವುದಕ್ಕೆ ಕಾರಣ ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಗುಂಪು. ಮುಂದೆ ಒಂದು, ಮೇಲೆ ಒಂದು, ಹಿಂದೆ ಎರಡು. ಇವು ತಲೆಯನ್ನು ಎಲ್ಲ ಕಡೆಯಿಂದ ಕುಳಿಗೆ ಒತ್ತಿ ಹಿಡಿದಿರುತ್ತವೆ. ಹೊರಗಿನ ದಪ್ಪ ಡೆಲ್ಟಾಯ್ಡ್ ಸ್ನಾಯು ತೋಳನ್ನು ಮೇಲಕ್ಕೆಳೆಯುವಾಗ ತಲೆಯನ್ನೂ ಮೇಲಕ್ಕೆ ಎಳೆಯುತ್ತದೆ; ಆ ಎಳೆತವನ್ನು ತಡೆದು ತಲೆಯನ್ನು ನಡುವಿನಲ್ಲೇ ನಿಲ್ಲಿಸುವುದು ಕಫ್‌ನ ಕೆಲಸ. ಹೆಗಲಿನ ಯಂತ್ರಶಾಸ್ತ್ರದಲ್ಲಿ ಮುಂದೆ ಬರುವುದೆಲ್ಲ ಈ ಜಗ್ಗಾಟದ ಸುತ್ತಲೇ ಸುತ್ತುತ್ತದೆ. ಕೃತಕ ಕೀಲಿನ ಸೋಲು–ಗೆಲುವುಗಳೂ ಅಷ್ಟೆ.

ಎಂಜಿನಿಯರಿಂಗ್‌ನವರು ಒಂದು ಚೀಟಿ ತೆಗೆದುಕೊಂಡು ಈಗಲೇ ಲೆಕ್ಕ ಮಾಡಬಹುದು. ಅರವತ್ತು ಕಿಲೋ ತೂಕದ ವ್ಯಕ್ತಿಯ ಒಂದು ತೋಳು, ದೇಹತೂಕದ ಸುಮಾರು ಶೇಕಡ 5ರಂತೆ, 3 ಕಿಲೋ. ಕೈಯನ್ನು ನೇರವಾಗಿ ಚಾಚಿದರೆ ಅದರ ಭಾರಕೇಂದ್ರ ಕೀಲಿನಿಂದ ಸುಮಾರು 30 ಸೆಂಟಿಮೀಟರ್ ದೂರ. ಅದನ್ನು ಹಿಡಿದು ನಿಲ್ಲಿಸುವ ಸ್ನಾಯುವಿಗೆ ಸಿಗುವ ಸನ್ನೆತೋಳು ಹೆಚ್ಚೆಂದರೆ 3 ಸೆಂಟಿಮೀಟರ್. ಅಂದರೆ ಬರಿಗೈ ಚಾಚಿ ನಿಲ್ಲಲು ಸ್ನಾಯು ಎಳೆಯಬೇಕಾದದ್ದು 3 ಕಿಲೋದ ಹತ್ತುಪಟ್ಟು, 30 ಕಿಲೋ. ಆ ಕೈಗೆ ಒಂದೂವರೆ ಕಿಲೋ ತೂಗುವ ಪಾತ್ರೆ ಕೊಡಿ. ಅದು 60 ಸೆಂಟಿಮೀಟರ್ ದೂರದಲ್ಲಿದೆ. ಆದ್ದರಿಂದ ಇಪ್ಪತ್ತು ಪಟ್ಟು, ಇನ್ನೊಂದು 30 ಕಿಲೋ. ಒಟ್ಟು 60. ಒಂದು ಪಾತ್ರೆ ಕಾಫಿ ಎತ್ತಿದರೆ ಹೆಗಲ ಕೀಲು ಹೊರುವುದು ಹತ್ತಿರಹತ್ತಿರ ಇಡೀ ದೇಹದ ತೂಕ. ಮೊಣಕೈ ಮಡಚಿ ಪಾತ್ರೆಯನ್ನು ಮೈಯ ಹತ್ತಿರಕ್ಕೆ ತಂದರೆ ಆ ಭಾರ ಅರ್ಧಕ್ಕೂ ಕೆಳಗೆ ಇಳಿಯುತ್ತದೆ.

ಇದು ಒರಟು ಲೆಕ್ಕ. ಪಾಪೆನ್ ಮತ್ತು ವಾಕರ್ 1978ರಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿ, ತೋಳನ್ನು ಪಕ್ಕಕ್ಕೆ 90 ಡಿಗ್ರಿ ಎತ್ತಿದಾಗ ಕೀಲಿನ ಮೇಲೆ ದೇಹತೂಕದ 0.89ರಷ್ಟು ಒತ್ತಡ ಬೀಳುತ್ತದೆ ಎಂದರು. ಅಲ್ಲಿಂದ ಮೇಲಕ್ಕೆ ಹೋದಂತೆ ಒತ್ತಡ ಇಳಿಯುತ್ತದೆ ಎಂದೂ ಅವರ ಮಾದರಿ ಹೇಳಿತು. ಲೆಕ್ಕ ಸರಿಯೇ ಎಂದು ನೋಡಲು ಜೀವಂತ ಹೆಗಲಿನೊಳಗೆ ಇಳಿದು ಅಳೆಯುವ ದಾರಿ ಆಗ ಇರಲಿಲ್ಲ.

ಆ ದಾರಿ ತೆರೆದದ್ದು ಬರ್ಲಿನ್‌ನಲ್ಲಿ. ಷಾರಿಟೆ ಆಸ್ಪತ್ರೆಯ ಗಿಯೋರ್ಗ್ ಬರ್ಗ್‌ಮನ್ ಅವರ ತಂಡ ಕೃತಕ ಹೆಗಲಿನ ಲೋಹದ ಕಾಂಡದೊಳಗೆ ಆರು ಸ್ಟ್ರೇನ್ ಗೇಜ್‌ಗಳನ್ನೂ ಒಂದು ಪುಟ್ಟ ಟ್ರಾನ್ಸ್‌ಮಿಟರನ್ನೂ ಕೂರಿಸಿತು. ಬ್ಯಾಟರಿ ಇಲ್ಲ. ರೋಗಿಯ ತೋಳಿನ ಮೇಲ್ಭಾಗಕ್ಕೆ ಹೊರಗಿನಿಂದ ಒಂದು ತಂತಿಸುರುಳಿ ತೊಡಿಸಿದರೆ ಅದರ ಕಾಂತಕ್ಷೇತ್ರದಿಂದಲೇ ಒಳಗಿನ ಉಪಕರಣಕ್ಕೆ ವಿದ್ಯುತ್ ಸಿಗುತ್ತದೆ. ಮೂರು ದಿಕ್ಕಿನ ಬಲ, ಮೂರು ದಿಕ್ಕಿನ ತಿರುಚುಬಲ ನಿಸ್ತಂತುವಾಗಿ ಹೊರಗೆ ಬರುತ್ತವೆ. ಪಕ್ಕದಲ್ಲೇ ಕ್ಯಾಮೆರಾ ರೋಗಿಯ ಚಲನೆಯನ್ನು ಹಿಡಿಯುತ್ತಿರುತ್ತದೆ. ಮೊದಲ ರೋಗಿಯ ಅಳತೆಗಳು 2007ರಲ್ಲಿ ಪ್ರಕಟವಾದವು. ಮುಂದೆ ಇಂಥ ಕೀಲನ್ನು ಒಪ್ಪಿ ಹಾಕಿಸಿಕೊಂಡ ಆರು ಜನ, ಎಲ್ಲರೂ ಕೀಲು ಸವೆತದವರು, ತಲೆ ಬಾಚಿದರು, ಸ್ಟಿಯರಿಂಗ್ ತಿರುಗಿಸಿದರು, ಶೆಲ್ಫಿನ ಮೇಲೆ ಸಾಮಾನು ಇಟ್ಟರು, ಒಂದೂವರೆ ಕಿಲೋದ ಕಾಫಿ ಪಾತ್ರೆಯನ್ನು ಕೈ ಚಾಚಿ ಎತ್ತಿದರು. ಆ ಕಾಫಿ ಪಾತ್ರೆ ಕೀಲಿನ ಮೇಲೆ ತಂದ ಒತ್ತಡ ದೇಹತೂಕಕ್ಕಿಂತಲೂ ತುಸು ಹೆಚ್ಚು. ನಿಮ್ಮ ಚೀಟಿಯ ಲೆಕ್ಕಕ್ಕೆ ಬರ್ಲಿನ್ ಸಹಿ ಹಾಕಿತು.

ಆದರೆ ಇನ್ನೊಂದು ಕಡೆ ಅದು ಹಳೆಯ ಲೆಕ್ಕವನ್ನು ತಿದ್ದಿತು. ತೋಳು 90 ಡಿಗ್ರಿ ದಾಟಿ ಮೇಲೇರಿದಾಗ ಒತ್ತಡ ಇಳಿಯುತ್ತದೆ ಎಂದು ಮಾದರಿಗಳು ಹೇಳಿದ್ದವಷ್ಟೆ. ರೋಗಿಗಳ ಕೀಲಿನಲ್ಲಿ ಅದು ಇಳಿಯಲಿಲ್ಲ, ಏರುತ್ತಲೇ ಹೋಯಿತು. ಕಾಗದದ ಮೇಲೆ ದಶಕಗಳ ಕಾಲ ಚೆನ್ನಾಗಿಯೇ ನಿಂತಿದ್ದ ಅಂಕಿ, ಅಳೆದವರ ಮುಂದೆ ನಿಲ್ಲಲಿಲ್ಲ. ಹೆಗಲನ್ನು ಅಳೆಯಿರಿ ಎಂದು ಈ ಪತ್ರ ಇಷ್ಟು ಒತ್ತಿ ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಬರ್ಲಿನ್ ತಂಡ ತನ್ನ ದತ್ತಾಂಶವನ್ನು ಆರ್ಥೋಲೋಡ್ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಹಾಸನದ ಹಾಸ್ಟೆಲ್ಲಿನಲ್ಲಿ ಕೂತವರಿಗೂ ಅದು ಸಿಗುತ್ತದೆ.

ಇನ್ನು ಸವೆತಕ್ಕೆ ಬರೋಣ. ಮೃದ್ವಸ್ಥಿ ತೆಳುವಾಗುತ್ತದೆ, ತಲೆಯ ಕೆಳ ಅಂಚಿನಲ್ಲಿ ಮೂಳೆ ಮುಳ್ಳಿನಂತೆ ಬೆಳೆಯುತ್ತದೆ, ಮುಂದಿನ ಪೊರೆ ಬಿಗಿಯುತ್ತದೆ. ತೋಳನ್ನು ಹೊರಕ್ಕೆ ತಿರುಗಿಸುವುದು ಮೊದಲು ಕಷ್ಟವಾಗುತ್ತದೆ. ಫ್ರೋಜನ್ ಶೋಲ್ಡರಿನಲ್ಲೂ ಹೀಗೇ ಆಗುವುದರಿಂದ ಎರಡನ್ನೂ ಒಂದೆಂದು ತಿಳಿಯುವ ಅಪಾಯವಿದೆ. ಒಂದು ಒಳ್ಳೆಯ ಎಕ್ಸ್‌ರೇ ಸಾಕು ವ್ಯತ್ಯಾಸ ಹೇಳಲು. ಅದನ್ನು ತೆಗೆಸದೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದರೆ ಸವೆದ ಕೀಲು ಇನ್ನಷ್ಟು ಉರಿಯುತ್ತದೆ.

ಆಶ್ಚರ್ಯದ ಸಂಗತಿ ಎಂದರೆ, ಹೆಗಲಿನ ಮೂಳೆಯ ಆಕಾರವೇ ಅದರ ಮುಂದಿನ ಕಾಯಿಲೆಯ ಸುಳಿವು ಕೊಡುತ್ತದೆ. ಜ್ಯೂರಿಕ್‌ನಲ್ಲಿ ಕ್ರಿಶ್ಚಿಯನ್ ಗರ್ಬರ್ ಅವರ ತಂಡ 2013ರಲ್ಲಿ ಒಂದು ಕೋನವನ್ನು ಹೆಸರಿಸಿತು. ಎಕ್ಸ್‌ರೇ ಮೇಲೆ ಕುಳಿಯ ಮೇಲ್ತುದಿಯಿಂದ ಕೆಳತುದಿಗೆ ಒಂದು ಗೆರೆ, ಕೆಳತುದಿಯಿಂದ ಅಕ್ರೋಮಿಯನ್ ಎಂಬ ಹೆಗಲಿನ ಚಾವಣಿ ಮೂಳೆಯ ಹೊರ ಅಂಚಿಗೆ ಇನ್ನೊಂದು ಗೆರೆ. ನಡುವಿನ ಕೋನ ನೋವಿಲ್ಲದವರಲ್ಲಿ ಸರಾಸರಿ 33 ಡಿಗ್ರಿ. ಕಫ್ ಹರಿದವರಲ್ಲಿ 38. ಕೀಲು ಸವೆದವರಲ್ಲಿ 28. ಯಂತ್ರಶಾಸ್ತ್ರ ಗೊತ್ತಿದ್ದರೆ ಇದರ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಚಾವಣಿ ಹೊರಚಾಚಿದ್ದರೆ ಅಲ್ಲಿಂದ ಹೊರಡುವ ಡೆಲ್ಟಾಯ್ಡ್ ತಲೆಯನ್ನು ಹೆಚ್ಚು ನೇರವಾಗಿ ಮೇಲಕ್ಕೆ ಎಳೆಯುತ್ತದೆ, ಅದನ್ನು ತಡೆಯುತ್ತಾ ಕಫ್ ದಣಿದು ಹರಿಯುತ್ತದೆ. ಚಾವಣಿ ಗಿಡ್ಡವಾಗಿದ್ದರೆ ಎಳೆತ ಒಳಮುಖವಾಗಿ ತಿರುಗಿ ತಲೆಯನ್ನು ಕುಳಿಗೆ ಒತ್ತುತ್ತದೆ, ಕಫ್ ಉಳಿಯುತ್ತದೆ, ಮೃದ್ವಸ್ಥಿ ಸವೆಯುತ್ತದೆ.

ಸವೆತವೂ ಎಲ್ಲ ಕಡೆ ಸಮನಾಗಿ ಆಗುವುದಿಲ್ಲ. ಲಿಯೋನ್ ನಗರದ ಜಿಲ್ ವಾಲ್ಶ್ 1999ರಲ್ಲಿ ಸಿ.ಟಿ. ಚಿತ್ರಗಳನ್ನು ನೋಡಿ ಸವೆದ ಕುಳಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಎ ಗುಂಪಿನಲ್ಲಿ ತಲೆ ನಡುವಿನಲ್ಲೇ ಇದ್ದು ಕುಳಿ ಒಂದೇ ಸಮ ಸವೆದಿರುತ್ತದೆ. ಬಿ ಗುಂಪಿನಲ್ಲಿ ತಲೆ ಹಿಂದಕ್ಕೆ ಜರುಗಿರುತ್ತದೆ. ಅದರಲ್ಲೇ ಮುಂದುವರಿದ ಹಂತದಲ್ಲಿ ಹಿಂಬದಿ ಕೊರೆದು ಒಂದು ಕುಳಿ ಇದ್ದಲ್ಲಿ ಎರಡು ತಗ್ಗುಗಳಾಗುತ್ತವೆ. ಸಿ ಗುಂಪಿನದು ಹುಟ್ಟಿನಿಂದಲೇ ಹಿಂದಕ್ಕೆ ವಾಲಿದ ಕುಳಿ. ಶಸ್ತ್ರವೈದ್ಯರಿಗೆ ತಲೆನೋವು ತರುವುದು ಆ ಎರಡು ತಗ್ಗಿನ ಕುಳಿ. ಅದರ ಮೇಲೆ ಪ್ಲಾಸ್ಟಿಕ್ ಕುಳಿಯನ್ನು ನೇರವಾಗಿ ಕೂರಿಸಲು ಮುಂಭಾಗದ ಮೂಳೆಯನ್ನು ಕೊರೆಯಬೇಕು. ಕೊರೆದಷ್ಟೂ ಆಧಾರದ ಮೂಳೆ ಕಡಿಮೆಯಾಗುತ್ತದೆ.

ಹೆಗಲ ಕೀಲನ್ನು ಬದಲಿಸುವ ಯೋಚನೆ ಹಳೆಯದು. ಪ್ಯಾರಿಸ್ಸಿನ ಝೂಲ್ ಪೆಯಾಂ 1893ರಲ್ಲಿ ಕ್ಷಯದಿಂದ ಹೆಗಲು ಹಾಳಾಗಿದ್ದ ಒಬ್ಬ ಬೇಕರಿ ಕೆಲಸಗಾರನಿಗೆ ಪ್ಲಾಟಿನಂ ಕೊಳವೆ ಮತ್ತು ಗಟ್ಟಿ ರಬ್ಬರಿನ ಗುಂಡಿನ ಕೀಲು ಹಾಕಿದರು. ಅದನ್ನು ತಯಾರಿಸಿದ್ದು ಒಬ್ಬ ದಂತವೈದ್ಯ. ಸೋಂಕು ಬಿಡದೆ ಕಾಡಿದ್ದರಿಂದ ಸುಮಾರು ಎರಡು ವರ್ಷಕ್ಕೆ ಅದನ್ನು ತೆಗೆಯಬೇಕಾಯಿತು. ಇಂದಿನ ಪರಂಪರೆ ನಿಜವಾಗಿ ಶುರುವಾಗುವುದು ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಅವರಿಂದ. 1950ರ ದಶಕದಲ್ಲಿ ಮುರಿದ ತಲೆಗೆ ಬದಲಾಗಿ ಲೋಹದ ತಲೆ ಹಾಕಿದ ಅವರು, 1974ರಲ್ಲಿ ಸವೆದ ಹೆಗಲುಗಳಲ್ಲೂ ಅದರಿಂದ ಸಿಕ್ಕ ಫಲಿತಾಂಶ ಪ್ರಕಟಿಸಿದರು. ಕುಳಿಯ ಕಡೆಗೆ ಪಾಲಿಎಥಿಲೀನ್ ತುಂಡನ್ನೂ ಸೇರಿಸಿದರು.

ಆ ಪ್ಲಾಸ್ಟಿಕ್ ತುಂಡೇ ಇಡೀ ಕೀಲಿನ ದುರ್ಬಲ ಜಾಗವಾಯಿತು. ಲೋಹದ ತಲೆ ನಡುವಿನಲ್ಲಿ ಒತ್ತಿದರೆ ತೊಂದರೆಯಿಲ್ಲ. ಅದು ಮೇಲಂಚನ್ನೋ ಹಿಂದಂಚನ್ನೋ ಒತ್ತಿದಾಗ ಎದುರಿನ ಅಂಚು ಮೂಳೆಯಿಂದ ಮೇಲೇಳುತ್ತದೆ. ಇದೇ ಸಾವಿರಾರು ಸಲ ನಡೆದರೆ ಸಿಮೆಂಟು ಬಿಡುತ್ತದೆ. 1988ರಲ್ಲಿ ಸಿಯಾಟಲ್‌ನ ಫ್ರಾಂಕ್ಲಿನ್, ಮ್ಯಾಟ್ಸೆನ್ ಮತ್ತಿತರರು ಕಫ್ ಹರಿದವರಲ್ಲಿ ಪ್ಲಾಸ್ಟಿಕ್ ಸಡಿಲಗೊಳ್ಳುವುದನ್ನು ವಿವರಿಸಿ ಇದಕ್ಕೆ ‘ರಾಕಿಂಗ್ ಹಾರ್ಸ್’ ಎಂದು ಹೆಸರಿಟ್ಟರು. ತಲೆಯನ್ನು ನಡುವಿನಲ್ಲಿ ಹಿಡಿಯುವ ಕಫ್ ಇಲ್ಲದ ಮೇಲೆ ತಲೆ ಮೇಲೇರಿ ಅಂಚನ್ನೇ ಒತ್ತುತ್ತಿತ್ತು. ತಲೆಯ ದುಂಡಿಗೂ ಪ್ಲಾಸ್ಟಿಕ್ಕಿನ ದುಂಡಿಗೂ ಎಷ್ಟು ಅಂತರವಿರಬೇಕು ಎಂಬ ಪ್ರಶ್ನೆಯೂ ಇದರಿಂದಲೇ ಹುಟ್ಟಿತು. ಎರಡೂ ಬಿಗಿಯಾಗಿ ಹೊಂದಿದರೆ ತಲೆಗೆ ಜರುಗಲು ಜಾಗವಿಲ್ಲದೆ ಬಲವೆಲ್ಲ ಸಿಮೆಂಟಿಗೆ ಹೋಗುತ್ತದೆ. ತೀರಾ ಸಡಿಲವಾದರೆ ಒತ್ತಡ ಒಂದು ಚುಕ್ಕೆಯಲ್ಲಿ ಸೇರಿ ಪ್ಲಾಸ್ಟಿಕ್ ಸವೆಯುತ್ತದೆ. ವಾಲ್ಶ್ ಮತ್ತು ಸಂಗಡಿಗರು 2002ರಲ್ಲಿ ಎರಡರ ವಕ್ರತೆಯ ಅಂತರ 6ರಿಂದ 10 ಮಿಲಿಮೀಟರ್ ಇದ್ದ ಹೆಗಲುಗಳಲ್ಲಿ ಸಡಿಲಿಕೆಯ ಗೆರೆಗಳು ಕಡಿಮೆ ಎಂದು ತೋರಿಸಿದರು.

ಪ್ಲಾಸ್ಟಿಕ್ ತುಂಡು ಎಷ್ಟು ಗಟ್ಟಿಯಾಗಿ ಕೂತಿರುತ್ತದೆ ಎಂದು ಪರೀಕ್ಷಿಸಲು ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಎಫ್2028 ಎಂಬ ಮಾನದಂಡವಿದೆ. ಲೋಹದ ತಲೆಯನ್ನು 750 ನ್ಯೂಟನ್ ಬಲದಿಂದ, ಅಂದರೆ ಸುಮಾರು 76 ಕಿಲೋ ಭಾರದಿಂದ, ಪ್ಲಾಸ್ಟಿಕ್ಕಿಗೆ ಒತ್ತಿ ಹಿಡಿದು ಈ ಅಂಚಿನಿಂದ ಆ ಅಂಚಿಗೆ ಒಂದು ಲಕ್ಷ ಸಲ ಸರಿಸುತ್ತಾರೆ. ಒಂದು ಲಕ್ಷವೇ ಏಕೆ? ದಿನಕ್ಕೆ 25 ಭಾರಿ ಕೆಲಸ, ಹತ್ತು ವರ್ಷ ಎಂಬುದು ಅದರ ಹಿಂದಿನ ಲೆಕ್ಕ. ಗುಣಿಸಿ ನೋಡಿ: 91,250. ಅದನ್ನು ಸರಿಮಾಡಿ ಲಕ್ಷ ಎಂದರು.

ಇಲ್ಲಿ ಸ್ವಲ್ಪ ನಿಲ್ಲಿ. ದಿನಕ್ಕೆ 25 ಭಾರಿ ಕೆಲಸ ಎಂಬುದು ಯಾರ ದಿನ? ಬೋರ್‌ವೆಲ್ಲಿನಿಂದ ಮನೆಗೆ ಕೊಡ ಹೊರುವ ಹೆಂಗಸಿನ ದಿನವೇ? ಗೋಡೆಗೆ ಸುಣ್ಣ ಹೊಡೆಯುವವನದೇ? ಒನಕೆ, ರುಬ್ಬುಗುಂಡು ಮೂಲೆ ಸೇರಿವೆ ನಿಜ. ಆದರೆ ಹಟ್ಟಿ ಗುಡಿಸುವುದು, ಒದ್ದೆ ಬಟ್ಟೆ ಹಿಂಡಿ ಎತ್ತರದ ತಂತಿಗೆ ಹಾಕುವುದು, ಮೇವಿನ ಹೊರೆ ತಲೆಗೆತ್ತುವುದು ಹೋಗಿಲ್ಲ. ಕೆಲವರ ಇಪ್ಪತ್ತೈದು ಬೆಳಗಿನ ತಿಂಡಿಗೆ ಮುಂಚೆಯೇ ಮುಗಿದಿರುತ್ತದೆ. ‘ಇನ್ನು ಭಾರ ಎತ್ತಬೇಡಿ’ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯುವುದು ಸುಲಭ. ಆ ಮಾತು ಮನೆಯಲ್ಲಿ ಎಷ್ಟು ದಿನ ಉಳಿಯುತ್ತದೆ ಎಂದು ಎಣಿಸಿ ನೋಡುವವರು ಬೇಕು.

ಕಫ್ ಹರಿದು ಕೀಲೂ ಸವೆದವರಿಗೆ ಮೇಲಿನ ಯಾವ ಕೀಲೂ ಒಗ್ಗಲಿಲ್ಲ. ಅವರ ಪಾಲಿಗೆ ಬಂದದ್ದು ಫ್ರಾನ್ಸಿನ ದಿಜೋನ್ ನಗರದ ಪಾಲ್ ಗ್ರಾಮಾಂಟ್ ಅವರ ಮದ್ದು. ಅವರು 1985ರಲ್ಲಿ ಕೀಲನ್ನೇ ತಿರುವುಮುರುವು ಮಾಡಿದರು. ಕುಳಿಯ ಜಾಗದಲ್ಲಿ ಗುಂಡು, ತಲೆಯ ಜಾಗದಲ್ಲಿ ಬಟ್ಟಲು. 1970ರ ದಶಕದಲ್ಲೂ ಕೆಲವರು ಹೀಗೆ ತಿರುಗಿಸಿ ನೋಡಿದ್ದರು; ಅವರ ಗುಂಡು ಮೂಳೆಯಿಂದ ಹೊರಚಾಚಿದ್ದರಿಂದ ಪ್ರತಿ ಚಲನೆಯೂ ತಳವನ್ನು ಮೀಟಿ ಕಿತ್ತುಹಾಕುತ್ತಿತ್ತು. ಗ್ರಾಮಾಂಟ್ ಗುಂಡನ್ನು ದೊಡ್ಡದು ಮಾಡಿ, ಕತ್ತಿಲ್ಲದೆ ಮೂಳೆಗೆ ಅಂಟಿಸಿದಂತೆ ಕೂರಿಸಿ, ತಿರುಗುಕೇಂದ್ರವನ್ನು ಮೂಳೆಯ ಮೇಲ್ಮೈಗೇ ತಂದರು. ತೋಳನ್ನೂ ತುಸು ಕೆಳಕ್ಕೆ ಎಳೆದರು. ಡೆಲ್ಟಾಯ್ಡ್ ಬಿಗಿಯಿತು, ಅದರ ಸನ್ನೆತೋಳು ಉದ್ದವಾಯಿತು, ಕಫ್‌ನ ಸಹಾಯವಿಲ್ಲದೆ ಅದೊಂದೇ ತೋಳನ್ನು ಎತ್ತತೊಡಗಿತು. 1991ರ ಹೊತ್ತಿಗೆ ಈ ವಿನ್ಯಾಸ ಡೆಲ್ಟಾ–3 ಎಂಬ ಹೆಸರಿನಲ್ಲಿ ಅರ್ಧಗೋಲದ ರೂಪಕ್ಕೆ ಬಂತು. ಅಮೆರಿಕ ಇದಕ್ಕೆ ಅನುಮತಿ ಕೊಟ್ಟದ್ದು 2003ರಲ್ಲಿ. ಇಂದು ಬ್ರಿಟನ್, ಆಸ್ಟ್ರೇಲಿಯಾಗಳ ರಾಷ್ಟ್ರೀಯ ಬದಲಿ ಕೀಲು ದಾಖಲೆಗಳಲ್ಲಿ ಸಹಜ ಆಕಾರದ ಕೀಲಿಗಿಂತ ಈ ರಿವರ್ಸ್ ಕೀಲೇ ಹೆಚ್ಚು.

ಕೊಟ್ಟದ್ದರ ಜೊತೆಗೆ ಅದು ಕಿತ್ತುಕೊಂಡದ್ದೂ ಇದೆ. ಕೈ ಇಳಿಬಿಟ್ಟಾಗ ಬಟ್ಟಲಿನ ಒಳ ಅಂಚು ಹೆಗಲೆಲುಬಿನ ಕತ್ತಿಗೆ ಉಜ್ಜಿ ಅಲ್ಲಿ ಕಚ್ಚು ಬೀಳುತ್ತದೆ. ತಿರುಗುಕೇಂದ್ರವನ್ನು ಸ್ವಲ್ಪ ಹೊರಕ್ಕೆ ತಂದ ನಂತರದ ವಿನ್ಯಾಸಗಳು ಇದನ್ನು ತಗ್ಗಿಸಿದವು. ಇನ್ನೊಂದು ನಷ್ಟ ನಮ್ಮವರಿಗೆ ಹೆಚ್ಚು ಮುಖ್ಯವಾದದ್ದು: ಕೈಯನ್ನು ಒಳಮುಖವಾಗಿ ತಿರುಗಿಸಿ ಬೆನ್ನ ಹಿಂದಕ್ಕೆ ಒಯ್ಯುವುದು ಈ ಕೀಲಿನಲ್ಲಿ ಹಲವರಿಗೆ ಕಷ್ಟ.

ಬೆನ್ನ ಹಿಂದೆ ಕೈ ಹೋಗದಿದ್ದರೆ ಏನು ನಿಲ್ಲುತ್ತದೆ? ಒಳಉಡುಪಿನ ಹುಕ್ಕು, ಸೀರೆಯ ಹಿಂಬದಿ, ಧೋತರದ ಕಚ್ಚೆ. ಎಲ್ಲಕ್ಕಿಂತ ಮೊದಲು, ಶೌಚದ ನಂತರ ಎಡಗೈಯಲ್ಲಿ ತೊಳೆದುಕೊಳ್ಳುವುದು. ಬಲಗೈಯವರಾದ ರೋಗಿಯ ಎಡ ಹೆಗಲಿಗೆ ರಿವರ್ಸ್ ಹಾಕುವಾಗ ‘ಇದು ಕೆಲಸದ ಕೈಯಲ್ಲವಲ್ಲ’ ಎಂದು ಸಮಾಧಾನ ಹೇಳುವವರು ಈ ಒಂದು ಕೆಲಸವನ್ನು ಮರೆಯಬಾರದು. ನಾಚಿಕೆಯಿಂದ ರೋಗಿಯೂ ಬಾಯಿಬಿಡುವುದಿಲ್ಲ. ಅಮೆರಿಕದ ಎಎಸ್‌ಇಎಸ್ ಎಂಬ ಹೆಗಲಿನ ಪ್ರಶ್ನಾವಳಿಯಲ್ಲಿ ಶೌಚದ ಬಗ್ಗೆ ಪ್ರಶ್ನೆ ಇದೆ. ಆದರೆ ಕಾಗದ ಬಳಸುವ ಕೈ ಮತ್ತು ಚೊಂಬಿನ ನೀರು ಬಳಸುವ ಕೈ ಒಂದೇ ಕೋನದಲ್ಲಿ ತಿರುಗುವುದಿಲ್ಲ.

ನೆಲದ ಮೇಲೆ ಕೂತು ಏಳುವುದು ಇನ್ನೊಂದು. ಪಂಕ್ತಿಯ ಊಟ ಮುಗಿಸಿ ವಯಸ್ಸಾದವರು ಎರಡೂ ಕೈ ಹಿಂದಕ್ಕೆ ಊರಿ ಮೈಯನ್ನು ಎತ್ತುತ್ತಾರೆ. ತೋಳು ಹಿಂದೆ, ಮೈಗೆ ಹತ್ತಿರ, ಒಳಮುಖವಾಗಿ ತಿರುಗಿ, ಮೇಲೆ ದೇಹದ ಭಾರ. ರಿವರ್ಸ್ ಕೀಲು ಜಾರಲು ಅನುಕೂಲವಾದ ಭಂಗಿ ಎಂದು ಪಠ್ಯಪುಸ್ತಕಗಳು ಎಚ್ಚರಿಸುವುದು ಹೆಚ್ಚುಕಡಿಮೆ ಇದನ್ನೇ. ಅಲ್ಲಿ ಕುರ್ಚಿಯಿಂದ ಏಳುವ ಉದಾಹರಣೆ ಕೊಡುತ್ತಾರೆ. ನೆಲ ಕುರ್ಚಿಗಿಂತ ಒಂದೂವರೆ ಅಡಿ ಕೆಳಗಿದೆ.

ಅಳತೆಯ ಮಾತಿಗೆ ಬಂದರೆ ಕರಾವಳಿಯಿಂದ ಒಂದು ಒಳ್ಳೆಯ ಉದಾಹರಣೆ ಇದೆ. ಮಂಗಳೂರಿನ ಕಸ್ತೂರಬಾ ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದವರು 202 ಒಣ ಹೆಗಲೆಲುಬುಗಳ ಕುಳಿಯನ್ನು ಅಳೆದು 2011ರಲ್ಲಿ ಪ್ರಕಟಿಸಿದರು. ಕುಳಿಯ ಸರಾಸರಿ ಎತ್ತರ ಸುಮಾರು 34 ಮಿಲಿಮೀಟರ್, ಅಗಲ ಸುಮಾರು 23. ಅಮೆರಿಕದಲ್ಲಿ ಇಯಾನೊಟ್ಟಿ ಮತ್ತಿತರರು 1992ರಲ್ಲಿ ಪ್ರಕಟಿಸಿದ ಸರಾಸರಿ 39 ಮತ್ತು 29. ಅಗಲದಲ್ಲೇ ಆರು ಮಿಲಿಮೀಟರ್ ವ್ಯತ್ಯಾಸ. ಗ್ರಾಮಾಂಟ್ ಮಾದರಿಯ ಮೊದಲ ಪೀಳಿಗೆಯ ಲೋಹದ ತಳತಟ್ಟೆಯ ವ್ಯಾಸ 29 ಮಿಲಿಮೀಟರ್. ಮಂಗಳೂರಿನಲ್ಲಿ ಅಳೆದ ಸರಾಸರಿ ಕುಳಿಯ ಮೇಲೆ ಅದನ್ನಿಟ್ಟರೆ ಎರಡೂ ಬದಿ ಮೂರು ಮೂರು ಮಿಲಿಮೀಟರ್ ಹೊರಗೆ ನಿಲ್ಲುತ್ತದೆ. ಅಲ್ಲಿ ಹಾಕುವ ಸ್ಕ್ರೂಗೆ ಮೂಳೆಯ ಹಿಡಿತವೇ ಸಿಗದೆ ಹೋಗಬಹುದು. ಈಗ 25 ಮಿಲಿಮೀಟರ್ ಸುತ್ತಲಿನ ತಟ್ಟೆಗಳೂ ಬಂದಿವೆ. ಸರಾಸರಿಗಿಂತ ಚಿಕ್ಕ ಕುಳಿಯವರಿಗೆ, ಸಣ್ಣ ಮೈಕಟ್ಟಿನ ಹೆಂಗಸರಿಗೆ, ಅದೂ ಅಂಚು ದಾಟಿ ಹೊರಗೆ ನಿಲ್ಲುತ್ತದೆ.

ಆ ಅಧ್ಯಯನಕ್ಕೆ ಬೇಕಾದದ್ದು ಮೂಳೆಗಳು, ಒಂದು ಕ್ಯಾಲಿಪರ್, ತಾಳ್ಮೆ. ನಿಮ್ಮ ಕಾಲೇಜಿನ ಅಂಗರಚನಾ ವಿಭಾಗದ ಕಪಾಟಿನಲ್ಲೂ ಹೆಗಲೆಲುಬುಗಳಿವೆ. ಕಾಲೇಜಿನ ಒಣಮೂಳೆಗಳಲ್ಲಿ ಹೆಚ್ಚಿನವಕ್ಕೆ ವಯಸ್ಸು, ಲಿಂಗದ ದಾಖಲೆ ಇರುವುದಿಲ್ಲವೆಂಬ ಕೊರತೆಯನ್ನು ಸಿ.ಟಿ. ಚಿತ್ರಗಳಿಂದ ತುಂಬಬಹುದು. ಬೇರೆ ಕಾರಣಕ್ಕೆ ಈಗಾಗಲೇ ತೆಗೆದ, ಹೆಗಲು ಪೂರ್ತಿ ಕಾಣುವ ಎದೆಯ ಸಿ.ಟಿ.ಗಳು ಆಸ್ಪತ್ರೆಯಲ್ಲಿ ಬೇಕಾದಷ್ಟಿವೆ. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಹೆಸರು ಅಳಿಸಿ, ಉಚಿತವಾಗಿ ಸಿಗುವ 3ಡಿ ಸ್ಲೈಸರ್ ತಂತ್ರಾಂಶದಲ್ಲಿ ಕುಳಿಯ ಅಗಲ, ವಾಲುವಿಕೆ ಅಳೆಯಬಹುದು. ಯಾರಿಗೂ ಹೊಸದಾಗಿ ವಿಕಿರಣ ತಾಗಿಸಬೇಕಿಲ್ಲ. ಗರ್ಬರ್ ತಂಡದ ಕೋನಕ್ಕಂತೂ ಸರಿಯಾಗಿ ತೆಗೆದ ಎಕ್ಸ್‌ರೇ ಮತ್ತು ಕೋನಮಾಪಕ ಸಾಕು.

ಎಂಜಿನಿಯರಿಂಗ್‌ನವರಿಗೆ ಸ್ಟ್ಯಾನ್‌ಫರ್ಡ್‌ನ ಓಪನ್‌ಸಿಮ್ ಉಚಿತವಾಗಿದೆ. ಅದರೊಳಗೆ ತೋಳಿನ ಸ್ನಾಯುಗಳ ಮಾದರಿ ತೆರೆದು, ಮೊದಲು ಬರ್ಲಿನ್ನಿನ ಕಾಫಿ ಪಾತ್ರೆಯ ಅಳತೆ ಬರುತ್ತದೆಯೇ ನೋಡಿ. ಬಂದ ಮೇಲೆ ಕೊಡ ಎತ್ತಿಸಿ, ಕೈಯೂರಿ ಏಳಿಸಿ, ಬಟ್ಟೆ ಒಣಹಾಕಿಸಿ. ಆ ಚಲನೆಗಳನ್ನು ಹಿಡಿಯಲು ಕೈಗೆ ಕಟ್ಟುವ ಅಗ್ಗದ ಸೆನ್ಸರುಗಳು ಪ್ರಾಜೆಕ್ಟಿನ ಬಜೆಟ್ಟಿನಲ್ಲೇ ಬರುತ್ತವೆ. ಒಂದನ್ನು ತೋಳಿಗೆ, ಇನ್ನೊಂದನ್ನು ಹೆಗಲೆಲುಬಿನ ಮೇಲೆ ಅಂಟಿಸಿದರೆ 1944ರ ಎರಡಕ್ಕೆ ಒಂದು ಲೆಕ್ಕ ನಿಮ್ಮೂರಿನ ಸವೆದ ಹೆಗಲಿನಲ್ಲಿ ಎಷ್ಟಕ್ಕೆ ಎಷ್ಟಾಗಿದೆ ಎಂದು ತಿಳಿಯುತ್ತದೆ. ಒಬ್ಬ ರೈತ ಮಹಿಳೆ ದಿನಕ್ಕೆ ಎಷ್ಟು ಸಲ ತೋಳನ್ನು 90 ಡಿಗ್ರಿ ದಾಟಿಸುತ್ತಾಳೆ ಎಂಬ ಎಣಿಕೆಯೇ ಒಂದು ಒಳ್ಳೆಯ ಪ್ರಬಂಧ. ಎಫ್2028 ಮಾನದಂಡದ ಆ 25 ಎಂಬ ಅಂಕಿಯ ಪಕ್ಕದಲ್ಲಿ ಇಡಲು ಒಂದು ಅಂಕಿ ಸಿಕ್ಕಂತಾಗುತ್ತದೆ.

ಶಸ್ತ್ರಚಿಕಿತ್ಸೆ ಕಲಿಯುತ್ತಿರುವವರಿಗೆ ಮತ್ತೆ ಕಾಡ್‌ಮನ್ ಅವರನ್ನು ನೆನಪಿಸಬೇಕು. ಹೆಗಲಿನ ಲಯದ ಬಗ್ಗೆ ಬರೆದ ಇದೇ ವೈದ್ಯರು 1911ರಲ್ಲಿ ಬಾಸ್ಟನ್ನಿನಲ್ಲಿ ‘ಎಂಡ್ ರಿಸಲ್ಟ್’ ಎಂಬ ಸ್ವಂತ ಆಸ್ಪತ್ರೆ ತೆರೆದಿದ್ದರು. ಪ್ರತಿ ರೋಗಿಗೂ ಒಂದು ಕಾರ್ಡು. ಒಂದು ವರ್ಷದ ನಂತರ ರೋಗಿಯನ್ನು ಮತ್ತೆ ನೋಡಿ ಫಲಿತಾಂಶ ಬರೆಯಬೇಕು. ಕೆಟ್ಟಿದ್ದರೆ ಏಕೆ ಕೆಟ್ಟಿತು ಎಂದೂ ಬರೆಯಬೇಕು. 1911ರಿಂದ 1916ರವರೆಗೆ ಅಲ್ಲಿಂದ ಮನೆಗೆ ಹೋದ 337 ರೋಗಿಗಳ ವಿಷಯದಲ್ಲಿ 123 ತಪ್ಪುಗಳನ್ನು ಅವರು ತಾವೇ ದಾಖಲಿಸಿ ಪ್ರಕಟಿಸಿದರು. ಸಹೋದ್ಯೋಗಿಗಳಿಗೆ ಅದು ರುಚಿಸಲಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗೆ 2012ರಲ್ಲಿ ಹೆಗಲು ಸೇರಿದ್ದು, ಯಾವ ಕೀಲು ಎಷ್ಟು ವರ್ಷ ಬಾಳಿತು ಎಂದು ಇವತ್ತು ಹೇಳಲಾಗುತ್ತಿರುವುದು, ಅದೇ ಕಾರ್ಡಿನ ಮುಂದುವರಿಕೆ.

ಆದ್ದರಿಂದ ನಿಮ್ಮ ಘಟಕದಲ್ಲಿ ಹೆಗಲಿನ ಬದಲಿ ಕೀಲು ಹಾಕಿಸಿಕೊಳ್ಳುವ ಪ್ರತಿಯೊಬ್ಬರಿಗೂ ಒಂದು ಹಾಳೆ ತೆರೆಯಿರಿ. ಅದರಲ್ಲಿ ಕುಳಿಯ ಗುಂಪು, ತಳತಟ್ಟೆಯ ಅಳತೆ, ಯಾವ ಕೈ ಊಟದ್ದು, ಯಾವ ಕೈ ಶೌಚದ್ದು, ಉದ್ಯೋಗ ಏನು ಎಂದಿರಲಿ. ಆರು ತಿಂಗಳಿಗೆ, ವರ್ಷಕ್ಕೆ, ಎರಡು ವರ್ಷಕ್ಕೆ ಫಿಸಿಯೋಥೆರಪಿಯವರು ಅಳೆದ ಚಲನೆ ಬರಲಿ. ಕೊನೆಗೆ ನಾಲ್ಕು ಪ್ರಶ್ನೆ, ಕನ್ನಡದಲ್ಲೇ: ನೆಲದಿಂದ ಹೇಗೆ ಏಳುತ್ತೀರಿ? ಹಿಂದೆ ಕೈ ಹೋಗುತ್ತದೆಯೇ? ತುಂಬಿದ ಕೊಡ ಎತ್ತಿದ್ದೀರಾ? ಆ ಮಗ್ಗುಲಿಗೆ ಮಲಗಬಲ್ಲಿರಾ? ದೂರದ ಊರಿನವರು ಬಸ್ಸು ಹಿಡಿದು ಬರಲಾರದಿದ್ದರೆ ಫೋನಿನಲ್ಲಿ ಕೇಳಿ, ಮನೆಯವರಿಂದ ಒಂದು ವಿಡಿಯೊ ತರಿಸಿಕೊಳ್ಳಿ. ಹಾಳೆಯ ನಕಲೊಂದು ಪಕ್ಕದ ಎಂಜಿನಿಯರಿಂಗ್ ಕಾಲೇಜಿಗೆ ಹೋಗಲಿ; ಅವರಿಗೆ ಮಾದರಿಯಲ್ಲಿ ತುಂಬಲು ಅಂಕಿಗಳು ಬೇಕು, ನಿಮಗೆ ಅವರು ಹೇಳುವ ಬಲದ ಲೆಕ್ಕ ಬೇಕು. ಈ ಸಲದ ಪ್ರಾಜೆಕ್ಟ್ ಪಟ್ಟಿಗೆ ಹೆಸರು ಕೊಡುವ ಮುನ್ನ ಒಂದು ಸಂಜೆ ಎರಡೂ ಕಾಲೇಜಿನವರು ಕೂತು, ಆ ಹಾಳೆಯಲ್ಲಿ ಇನ್ನೇನು ಸೇರಬೇಕೆಂದು ತೀರ್ಮಾನಿಸಿ.

ಇಂತಿ,
ನಿಮ್ಮ ಹಿತೈಷಿ